ಉಬ್ಬಸ ಮತ್ತು ಸ್ಟೆರಾಯ್ಡ್ ಮಾತ್ರೆ: ಬಳಕೆ ಮತ್ತು ಎಚ್ಚರ

ಕಾಯಕ, ದಾಸೋಹ, ಇಷ್ಟಲಿಂಗಪೂಜೆ ಎಲ್ಲವೂ ಈ ಕಾಯದಿಂದಲೇ ನಡೆಯಬೇಕು. ಆದುದರಿಂದ ಕಾಯದ ರಕ್ಷಣೆಯೂ ನಮ್ಮ ಕರ್ತವ್ಯವೇ. ನಮ್ಮ ಜನರು ಉಬ್ಬಸ, ಗೂರಲು, ದಮ್ಮು ಎಂದು ಕರೆಯುವ ಆಸ್ತಮಾ ರೋಗದಲ್ಲಿ ಸ್ಟೆರಾಯ್ಡ್ ಮಾತ್ರೆಗಳ ವಿಷಯವಾಗಿ ಎರಡು ತಪ್ಪುಗಳನ್ನು ಕಾಣುತ್ತೇವೆ. ಕೆಲವರು ಹೆಸರು ಕೇಳಿದೊಡನೆ ಹೆದರಿ, ಬೇಕಾದಾಗಲೂ ಅದನ್ನು ನಿರಾಕರಿಸುತ್ತಾರೆ. ಮತ್ತೆ ಕೆಲವರು ಹಳೆಯ ಚೀಟಿ ತೋರಿಸಿ ಕೊಂಡು ತಿಂಗಳುಗಟ್ಟಲೆ ನುಂಗುತ್ತಾರೆ. ಎರಡೂ ಅಪಾಯಕರ.

ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಉತ್ಪಾದಿಸುತ್ತವೆ. ಪ್ರೆಡ್ನಿಸೊಲೋನ್ ಮೊದಲಾದ ಮಾತ್ರೆಗಳು ಅದರಂತೆಯೇ ಕೆಲಸ ಮಾಡುವ ಔಷಧಗಳು. ಈ ಗ್ರಂಥಿಗಳ ಹಾರ್ಮೋನುಗಳ ಸಂಶೋಧನೆಗಾಗಿ ಕೆಂಡಾಲ್, ರೈಕ್‌ಸ್ಟೈನ್ ಮತ್ತು ಹೆಂಚ್ ಅವರಿಗೆ 1950ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಉಬ್ಬಸದಲ್ಲಿ ಶ್ವಾಸನಾಳಗಳ ಸ್ನಾಯುಗಳು ಬಿಗಿಯುವುದಲ್ಲದೆ ಒಳಪದರವೂ ಊದಿಕೊಳ್ಳುತ್ತದೆ. ತಕ್ಷಣ ಉಪಶಮನ ನೀಡುವ ಸಾಲ್ಬುಟಮಾಲ್ ಇನ್‌ಹೇಲರ್ ಬಿಗಿತವನ್ನಷ್ಟೇ ಸಡಿಲಿಸುತ್ತದೆ. ಊತವನ್ನು ಇಳಿಸುವುದು ಸ್ಟೆರಾಯ್ಡ್. ಆದುದರಿಂದ ರೋಗ ತೀವ್ರವಾಗಿ ಉಲ್ಬಣಿಸಿದಾಗ ವೈದ್ಯರು ಸಾಮಾನ್ಯವಾಗಿ ವಯಸ್ಕರಿಗೆ 5ರಿಂದ 7 ದಿನ, ಮಕ್ಕಳಿಗೆ 3ರಿಂದ 5 ದಿನ ಈ ಮಾತ್ರೆ ಕೊಡುತ್ತಾರೆ. ಆಗ ಅದು ಪ್ರಾಣ ಉಳಿಸುವ ಔಷಧ. ಆದರೆ ಅದರ ಪರಿಣಾಮ ಕಾಣಲು ಕೆಲವು ಗಂಟೆಗಳು ಬೇಕು. ಮಾತನಾಡಲೂ ಆಗದಷ್ಟು ಏದುಸಿರು, ತುಟಿ ನೀಲಿಗಟ್ಟುವಿಕೆ ಕಂಡುಬಂದರೆ ಮನೆಯಲ್ಲಿ ಕಾಯದೆ, ಇನ್‌ಹೇಲರ್ ಬಳಸುತ್ತಲೇ ಆಸ್ಪತ್ರೆಗೆ ಧಾವಿಸಬೇಕು.

ಇದೇ ಮಾತ್ರೆಯನ್ನು ದೀರ್ಘಕಾಲ ಸೇವಿಸಿದರೆ ರಕ್ತದ ಸಕ್ಕರೆ ಮತ್ತು ಒತ್ತಡ ಏರುತ್ತವೆ, ಮೂಳೆ ಸವೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಮುಖ ಊದುತ್ತದೆ, ಕ್ಷಯದಂತಹ ಸೋಂಕುಗಳಿಗೆ ದಾರಿಯಾಗುತ್ತದೆ. ಮಧುಮೇಹಿಗಳು ಅಲ್ಪಾವಧಿಯಲ್ಲಿಯೂ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬೇಕು. ಹೊರಗಿನಿಂದ ಹಾರ್ಮೋನು ಬರುತ್ತಿದ್ದಂತೆ ದೇಹದ ಗ್ರಂಥಿಗಳು ತಮ್ಮ ಕೆಲಸ ನಿಲ್ಲಿಸುತ್ತವೆ. ಮೂರು ವಾರಗಳಿಗಿಂತ ಹೆಚ್ಚು ಕಾಲ ಸೇವಿಸಿದವರು ಅದನ್ನು ಥಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯ ಒದಗಬಹುದು. ವೈದ್ಯರ ಸಲಹೆಯಂತೆ ಹಂತಹಂತವಾಗಿಯೇ ಇಳಿಸಬೇಕು. ಹೆಸರು, ವಿವರಗಳಿಲ್ಲದ ಉಬ್ಬಸದ ಪುಡಿಗಳಲ್ಲಿಯೂ ಸ್ಟೆರಾಯ್ಡ್ ಬೆರೆತಿರಬಹುದು. ಅವುಗಳನ್ನು ಸೇವಿಸುತ್ತಿರುವವರು ವೈದ್ಯರಿಗೆ ಮರೆಮಾಚದೆ ತಿಳಿಸಬೇಕು.

ಮಾತ್ರೆಯ ಅವಶ್ಯಕತೆಯನ್ನು ತಗ್ಗಿಸುವ ಮಾರ್ಗ ಯಾವುದು? ವೈದ್ಯರು ಸೂಚಿಸಿದ ಸ್ಟೆರಾಯ್ಡ್ ಇನ್‌ಹೇಲರನ್ನು ಉಬ್ಬಸವಿಲ್ಲದ ದಿನಗಳಲ್ಲಿಯೂ ತಪ್ಪದೆ ಬಳಸುವುದು. ಇನ್‌ಹೇಲರ್ ಚಟವಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಮಾತ್ರೆಯನ್ನು ಮಿಲಿಗ್ರಾಂಗಳಲ್ಲಿ ಅಳೆದರೆ ಇದನ್ನು ಅಳೆಯುವುದು ಮೈಕ್ರೋಗ್ರಾಂಗಳಲ್ಲಿ. ಔಷಧ ನೇರವಾಗಿ ಶ್ವಾಸನಾಳ ಸೇರುವುದರಿಂದ ಉಳಿದ ಅಂಗಗಳಿಗೆ ತಲಪುವ ಅಂಶ ಅತ್ಯಲ್ಪ. ಬಳಸಿದ ನಂತರ ಬಾಯಿ ಮುಕ್ಕಳಿಸಿ ಉಗುಳಬೇಕು. ವರ್ಷದಲ್ಲಿ ಎರಡು ಬಾರಿ ಮಾತ್ರೆ ಬೇಕಾಯಿತೆಂದರೆ ರೋಗ ಹತೋಟಿಯಲ್ಲಿಲ್ಲವೆಂದೇ ತಿಳಿದು ಚಿಕಿತ್ಸೆಯನ್ನು ಪುನಃ ಪರಿಶೀಲಿಸಿಕೊಳ್ಳಬೇಕು.

ಸದ್ಭಕ್ತರಲ್ಲಿ ನಮ್ಮ ವಿನಂತಿಯಿಷ್ಟೆ: ಸ್ಟೆರಾಯ್ಡ್ ಮಾತ್ರೆಯನ್ನು ತಾವಾಗಿ ಆರಂಭಿಸಬೇಡಿ, ತಾವಾಗಿ ನಿಲ್ಲಿಸಬೇಡಿ. ಶ್ರಾವಣದ ಉಪವಾಸದ ನೆಪದಲ್ಲಿಯೂ ಅದನ್ನು ತಪ್ಪಿಸದೆ, ಆಹಾರದ ನಂತರವೇ ಸೇವಿಸಿ. ರಥೋತ್ಸವದ ಧೂಳು, ದಾಸೋಹದ ಒಲೆಯ ಹೊಗೆ, ಧೂಪಗಳಿಂದ ಉಬ್ಬಸ ಕೆರಳುವವರು ಅವುಗಳಿಂದ ದೂರವಿದ್ದು ಸೇವೆ ಸಲ್ಲಿಸಿ; ಜಾತ್ರೆಗೆ ಬರುವಾಗ ಇನ್‌ಹೇಲರ್ ಜೊತೆಯಲ್ಲಿರಲಿ.