ಲಸಿಕೆಯ ಕುರಿತ ತಪ್ಪು ತಿಳಿವಳಿಕೆಗಳು: ಒಂದು ವಿವೇಚನೆ

‘ಲಸಿಕಾ’ ಎಂಬುದು ದೇಹದ ಒಂದು ದ್ರವವನ್ನು ಸೂಚಿಸುವ ಸಂಸ್ಕೃತ ಪದ. ಇಂದಿನ ‘ಲಸಿಕೆ’ ಅದರಿಂದಲೇ ಬಂದುದು. ಸಿಡುಬಿನ ಕಾಲದಲ್ಲಿ ನಮ್ಮ ಹಿರಿಯರು ಇದನ್ನು ‘ದೇವಿ ಹಾಕಿಸುವುದು’ ಎನ್ನುತ್ತಿದ್ದರು. 1796ರಲ್ಲಿ ಆಂಗ್ಲ ವೈದ್ಯ ಎಡ್ವರ್ಡ್ ಜೆನ್ನರನು ಪ್ರಯೋಗಿಸಿದ ಈ ವಿಧಾನದ ಫಲವಾಗಿ ಸಿಡುಬು ಭೂಮಂಡಲದಿಂದಲೇ ಅಳಿಯಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ರೋಗ ಅಳಿದರೂ ಲಸಿಕೆಯ ಮೇಲಿನ ಸಂಶಯ ಅಳಿಯಲಿಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ, ಮೊಬೈಲ್ ಸಂದೇಶಗಳ ವದಂತಿಗೆ ಅಂಜಿದ ತಾಯ್ತಂದೆಗಳು ಉಂಟು. ಆ ಅಂಜಿಕೆಗಳನ್ನು ಒಂದೊಂದಾಗಿ ಪರಿಶೀಲಿಸುವುದು ಉಚಿತ.

ಮೊದಲನೆಯದು, ದಡಾರವು ತಾನಾಗಿ ಬಂದು ತಾನಾಗಿ ಹೋಗುವ ಬೇನೆಯೆಂಬ ಭಾವನೆ. ಅದು ನ್ಯುಮೋನಿಯಾ, ಕುರುಡು, ಮಿದುಳಿನ ಉರಿಯೂತಗಳಿಗೂ ಕಾರಣವಾಗಬಲ್ಲುದು. ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಶಿಶುವಿನ ಕಣ್ಣು, ಕಿವಿ, ಹೃದಯಗಳಿಗೆ ಊನವಾಗಬಹುದು.

ಎರಡನೆಯದು, ಲಸಿಕೆಯ ಬಳಿಕ ಜ್ವರ ಬಂದರೆ ಅದು ಕೆಡುಕೆಂಬ ಭಯ. ಲಸಿಕೆಯಲ್ಲಿರುವುದು ಬಲಗುಂದಿಸಿದ ರೋಗಾಣು. ಶರೀರವು ಅದನ್ನು ಗುರುತಿಸಿ ಪ್ರತಿರೋಧವನ್ನು ಕಲಿಯುವಾಗ ಕೆಲವರಿಗೆ ವಾರದ ಹೊತ್ತಿಗೆ ಅಲ್ಪ ಜ್ವರ, ಗಂಧೆ ಕಾಣಿಸಿ ಶಮನವಾಗುತ್ತವೆ. ತೀವ್ರ ಅಲರ್ಜಿ ಅತಿ ವಿರಳ. ಅದಕ್ಕಾಗಿಯೇ ಅರ್ಧ ಗಂಟೆ ಅಲ್ಲಿಯೇ ಕೂರಿಸುವ ನಿಯಮವಿದೆ.

ಮೂರನೆಯದು, ಇದರಿಂದ ಆಟಿಸಂ ಬರುವುದೆಂಬ ಮಾತು. ಇದಕ್ಕೆ ಮೂಲವಾದ 1998ರ ಇಂಗ್ಲೆಂಡಿನ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಡೆನ್ಮಾರ್ಕಿನ ಆರೂವರೆ ಲಕ್ಷಕ್ಕೂ ಮೀರಿದ ಮಕ್ಕಳ ಅಧ್ಯಯನವು 2019ರಲ್ಲಿ ಅಂಥ ಸಂಬಂಧವಿಲ್ಲವೆಂದು ತೋರಿಸಿತು.

ನಾಲ್ಕನೆಯದನ್ನು ವದಂತಿಯೆಂದು ತಳ್ಳಿಹಾಕಲಾಗದು. 2022ರ ಜನವರಿಯಲ್ಲಿ ಬಾದಾಮಿಯ ನೆರೆಯ ರಾಮದುರ್ಗ ತಾಲೂಕಿನಲ್ಲಿ ಈ ಲಸಿಕೆ ಪಡೆದ ಮೂರು ಹಸುಳೆಗಳು ಅಸುನೀಗಿದವು. ಲಸಿಕೆಯನ್ನು ಇರಿಸಿದ, ಬಳಸಿದ ಕ್ರಮದಲ್ಲಿ ನಿರ್ಲಕ್ಷ್ಯ ನಡೆದುದು ಪ್ರಾಥಮಿಕ ತನಿಖೆಯಲ್ಲಿ ಕಂಡುಬಂದಿತು. ಈ ಪುಡಿಯನ್ನು ದ್ರವದಲ್ಲಿ ಕದಡಿದ ಮೇಲೆ ತಂಪಿನಲ್ಲಿಟ್ಟು ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದುದನ್ನು ಚೆಲ್ಲಬೇಕು. ಇಲ್ಲವಾದರೆ ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆದು ವಿಷವಾಗಬಹುದು. ದೋಷ ಬಳಕೆಯದು, ಲಸಿಕೆಯದಲ್ಲ. ಆದರೆ ಮಗುವನ್ನು ಕಳೆದುಕೊಂಡ ತಾಯಿಗೆ ಆ ಭೇದ ಸಮಾಧಾನ ನೀಡದು. ಆದುದರಿಂದ ಸೀಸೆಯನ್ನು ಎಷ್ಟು ಹೊತ್ತಿಗೆ ತೆರೆಯಲಾಯಿತೆಂದು ಕೇಳುವುದು ಅವಿಶ್ವಾಸವಲ್ಲ, ಪಾಲಕರ ಹಕ್ಕು.

ಮರೋಳದಂಥ ಊರುಗಳಲ್ಲಿ ಗುರುಗಳ ಮಾತಿಗೆ ಇಂದಿಗೂ ತೂಕವುಂಟು. ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು, ದಾನಿಗಳು ಪಾಲಕರ ಪ್ರಶ್ನೆಯನ್ನು ಗದರಿ ಅಡಗಿಸದೆ, ತಿಳಿದು ಉತ್ತರಿಸಿದರೆ ಅದೂ ಒಂದು ಜ್ಞಾನದಾಸೋಹವೇ ಸರಿ.