ದೇವರ ಮಕ್ಕಳು, ದೇವರ ಆಸ್ತಿಗೆ ಬಾಧ್ಯಸ್ಥರು
(ಯಾತ್ರಿಕರಿಗೆ ಒಂದು ಪಾಠ)



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಯ ಊರುಗಳಿಂದ ಹರಕೆ ಹೊತ್ತು ಬೆಟ್ಟ ಹತ್ತಿ ಬರುವವರು ಮೇಣದ ಬತ್ತಿ ಹಚ್ಚಿಟ್ಟು ದೇವರಲ್ಲಿ ಏನೇನೋ ಕೇಳಿಕೊಳ್ಳುತ್ತಾರೆ. ಮಗಳಿಗೆ ಒಳ್ಳೆ ಕಡೆ ಸಂಬಂಧ ಬರಲಿ, ಮಗನಿಗೆ ಕೆಲಸ ಸಿಗಲಿ, ಬೋರ್‌ವೆಲ್‌ನಲ್ಲಿ ನೀರು ಬೀಳಲಿ, ವರ್ಷಗಟ್ಟಲೆ ಕೋರ್ಟಿನಲ್ಲಿರುವ ಜಮೀನಿನ ಕೇಸು ಮುಗಿಯಲಿ ಅಂತ ಬೇಡುತ್ತಾರೆ. ಹೀಗೆ ಬೇಡುವುದು ತಪ್ಪಲ್ಲ, ಯೇಸುಸ್ವಾಮಿಯೇ ಕೇಳಿರಿ ಎಂದು ಹೇಳಿಕೊಟ್ಟಿದ್ದಾರೆ. ಆದರೆ ಒಂದು ಮಾತನ್ನು ಯೋಚಿಸಬೇಕು. ಬೇಡುವವರು ದೇವರ ಮುಂದೆ ಯಾರಾಗಿ ನಿಂತಿದ್ದಾರೆ? ಬಾಗಿಲಲ್ಲಿ ನಿಂತ ಭಿಕ್ಷುಕರಾಗಿಯೋ, ಕೂಲಿಗೆ ಬಂದ ಆಳುಗಳಾಗಿಯೋ, ಇಲ್ಲಾ ಮನೆಯ ಮಕ್ಕಳಾಗಿಯೋ? ಈ ಪಾಠ ಅದರ ಬಗ್ಗೆಯೇ ಇದೆ.

1. ಆಳೋ, ಮಗನೋ?

ಸಂತ ಲೂಕನ ಸುವಾರ್ತೆ 15ನೇ ಅಧ್ಯಾಯದ ಕಥೆ ಎಲ್ಲರಿಗೂ ಗೊತ್ತು. ತಂದೆ ಬದುಕಿರುವಾಗಲೇ ಪಾಲು ಇಸಕೊಂಡು ಹೋದ ಕಿರಿಮಗ ಎಲ್ಲವನ್ನೂ ಹಾಳುಮಾಡಿ, ಹಂದಿ ಕಾಯುವ ಸ್ಥಿತಿಗೆ ಬಂದ. ಮನೆಗೆ ಹೊರಡುವಾಗ ಅವನು ಒಂದು ಮಾತು ಸಿದ್ಧಮಾಡಿಕೊಂಡ. ಮಗ ಅನ್ನಿಸಿಕೊಳ್ಳೋ ಯೋಗ್ಯತೆ ಹೋಯಿತು, ಕೂಲಿಯಾಳುಗಳಲ್ಲಿ ಒಬ್ಬನ ಹಾಗೆ ಇಟ್ಟುಕೊಂಡರೆ ಸಾಕು ಅಂತ ಕೇಳೋಣ ಎಂದುಕೊಂಡ. ಆದರೆ ತಂದೆ ಅವನಿಗೆ ಕೂಲಿಯ ಮಾತು ಆಡಲು ಅವಕಾಶವನ್ನೇ ಕೊಡಲಿಲ್ಲ. ಓಡಿ ಬಂದು ತಬ್ಬಿಕೊಂಡು ಬಟ್ಟೆ, ಉಂಗುರ, ಚಪ್ಪಲಿ ತರಿಸಿದ. ಆ ಕಾಲದಲ್ಲಿ ಆಳುಗಳು ಬರಿಗಾಲಲ್ಲಿ ಓಡಾಡುತ್ತಿದ್ದರು, ಚಪ್ಪಲಿ ಮನೆಯ ಮಗನ ಗುರುತು.

ಹಿರಿಮಗನ ಕಥೆಯೂ ಇದಕ್ಕಿಂತ ಬೇರೆ ಅಲ್ಲ. ಅವನು ಮನೆ ಬಿಟ್ಟು ಹೋಗಲಿಲ್ಲ, ಸರಿ. ಆದರೆ ಇಷ್ಟು ವರ್ಷ ದುಡಿದರೂ ಒಂದು ಮೇಕೆಮರಿ ಕೊಡಲಿಲ್ಲ ಎಂದು ಲೆಕ್ಕ ಹಾಕಿದ. ಮನೆಯಲ್ಲೇ ಇದ್ದು ಆಳಿನ ಮನಸ್ಸು ಇಟ್ಟುಕೊಂಡಿದ್ದ. ಆಳಿಗೆ ಸಂಜೆ ಲೆಕ್ಕ ಚುಕ್ತಾ ಆಗಬೇಕು, ಮಗನಿಗೆ ಯಾವ ಲೆಕ್ಕ? ತನ್ನದೆಲ್ಲ ಅವನದೇ ಎಂದು ತಂದೆ ಅವನಿಗೆ ನೆನಪು ಮಾಡಿಕೊಡಬೇಕಾಯಿತು.

ನಮ್ಮ ಕಡೆ ಹರಕೆ ಹೊರುವ ಎಷ್ಟೋ ಜನ ಈ ಹಿರಿಮಗನ ಹಾಗೇ ಇರುತ್ತಾರೆ. ಇಷ್ಟು ಜಪಸರ ಹೇಳಿದ್ದೇನೆ, ಇಷ್ಟು ಮೆಟ್ಟಿಲು ಹತ್ತಿದ್ದೇನೆ, ಆದರೂ ಕೆಲಸ ಆಗಲಿಲ್ಲವಲ್ಲ ಎಂದು ಮುನಿಸಿಕೊಳ್ಳುತ್ತಾರೆ. ಹರಕೆ ಕೂಲಿ ಒಪ್ಪಂದವಲ್ಲ. ತಂದೆಯ ಮನೆಗೆ ಬರುವ ಮಗು ಕೈಯಲ್ಲಿ ಹೂ ಹಿಡಿದು ಬಂದ ಹಾಗೆ, ಅಷ್ಟೇ.

2. ದತ್ತು ಮಕ್ಕಳ ಹಕ್ಕು

ಸಂತ ಪೌಲ ರೋಮನರಿಗೆ (8:14-17) ಮತ್ತು ಗಲಾತ್ಯರಿಗೆ (4:4-7) ಬರೆಯುವಾಗ ವಿಶ್ವಾಸಿಗಳನ್ನು ದೇವರು ದತ್ತು ತೆಗೆದುಕೊಂಡಿದ್ದಾರೆ ಎನ್ನುತ್ತಾನೆ. ರೋಮನ್ ರಾಜ್ಯದ ಜನಕ್ಕೆ ಇದು ಚೆನ್ನಾಗಿ ಅರ್ಥವಾಗುವ ಮಾತಾಗಿತ್ತು. ಯೇಸು ಹುಟ್ಟಿದಾಗ ಆಳುತ್ತಿದ್ದ ಔಗುಸ್ತ ಚಕ್ರವರ್ತಿ ಸ್ವತಃ ದತ್ತುಪುತ್ರ. ಜೂಲಿಯಸ್ ಸೀಜರ್ ತನ್ನ ಉಯಿಲಿನಲ್ಲಿ ಅವನನ್ನು ಮಗನೆಂದು ಬರೆದಿದ್ದ. ಔಗುಸ್ತನ ನಂತರ ಬಂದ ತಿಬೇರಿಯನೂ ದತ್ತುಪುತ್ರನೇ. ದತ್ತು ಹೋದವನಿಗೆ ಹೊಸ ತಂದೆಯ ಹೆಸರು, ಮನೆತನ, ಆಸ್ತಿ ಎಲ್ಲವೂ ಸಿಗುತ್ತಿತ್ತು. ಅರ್ಧ ಮಗ, ಕಾಲು ಮಗ ಅಂತ ಇರಲಿಲ್ಲ.

ನಮ್ಮ ದೇಶದ ಕ್ರೈಸ್ತರಿಗೆ ಈ ಸೌಲಭ್ಯ ಬಹಳ ಕಾಲ ಇರಲಿಲ್ಲ. ಮಗು ತಂದು ಸಾಕುವ ದಂಪತಿಗಳು 1890ರ ಪಾಲಕರ ಕಾಯ್ದೆಯ ಕೆಳಗೆ ಸಾಮಾನ್ಯವಾಗಿ ಪಾಲಕರು ಮಾತ್ರ ಆಗುತ್ತಿದ್ದರು. ಅಮ್ಮ, ಅಪ್ಪ ಎಂದು ಕರೆದರೂ ಕಾಗದದ ಮೇಲೆ ಮಗು ಅವರದಾಗುತ್ತಿರಲಿಲ್ಲ. 2000ದ ಬಾಲನ್ಯಾಯ ಕಾಯ್ದೆ, 2006ರ ಅದರ ತಿದ್ದುಪಡಿ, ಆಮೇಲೆ 2015ರ ಹೊಸ ಕಾಯ್ದೆ ಬಂದ ಮೇಲೆ ಯಾವ ಧರ್ಮದವರೂ ಕ್ರಮವಾಗಿ ದತ್ತು ತೆಗೆದುಕೊಳ್ಳಬಹುದು. ಆ ಮಗುವಿಗೆ ಹೆತ್ತ ಮಗುವಿನ ಎಲ್ಲ ಹಕ್ಕುಗಳೂ ಬರುತ್ತವೆ. ಪಾಲಕ ಮತ್ತು ತಂದೆ, ಈ ಎರಡು ಪದಗಳ ನಡುವೆ ಎಷ್ಟು ಅಂತರ ಇದೆ ಎಂಬುದನ್ನು ಮಕ್ಕಳಿಲ್ಲದೆ ಕಾದವರನ್ನು ಕೇಳಿದರೆ ಹೇಳುತ್ತಾರೆ. ದೇವರು ನಮಗೆ ಪಾಲಕರಾಗಿ ನಿಲ್ಲಲಿಲ್ಲ, ತಂದೆಯೇ ಆದರು. ಆದ್ದರಿಂದಲೇ ಯೇಸುಸ್ವಾಮಿ ಬಳಸಿದ ಅಬ್ಬಾ ಎಂಬ ಮನೆಮಾತನ್ನೇ ನಾವೂ ಬಳಸಬಹುದು.

ಜ್ಞಾನಸ್ನಾನದ ದಿನ ಧರ್ಮಕೇಂದ್ರದ ರಿಜಿಸ್ಟರಿನಲ್ಲಿ ಮಗುವಿನ ಹೆಸರು ಬರೆಯುತ್ತಾರೆ. ಅದು ಬರೀ ಸರ್ಟಿಫಿಕೇಟಿಗಾಗಿ ಬರೆಯುವುದಲ್ಲ, ದೇವರ ಮನೆಯ ವಂಶವೃಕ್ಷದಲ್ಲಿ ಒಂದು ಹೆಸರು ಸೇರಿತು ಎಂದು ತಿಳಿಯಬೇಕು. ಜ್ಞಾನಸ್ನಾನದ ನೀರು ಎಲ್ಲ ತಲೆಗಳ ಮೇಲೂ ಒಂದೇ ಬಟ್ಟಲಿನಿಂದ ಬೀಳುತ್ತದೆ. ಹಾಗಿದ್ದ ಮೇಲೆ ಹೊರಗೆ ಬಂದು ಅವರ ಜಾತಿ ಯಾವುದು, ಇವರ ಕೇರಿ ಯಾವುದು ಎಂದು ಕೇಳಿದರೆ, ಕೇಳಿದವರು ತಮ್ಮ ಜ್ಞಾನಸ್ನಾನವನ್ನೇ ಮರೆತಂತೆ. ಗಲಾತ್ಯ ಪತ್ರದ 3ನೇ ಅಧ್ಯಾಯದ ಕೊನೆಯ ಭಾಗವನ್ನು ಮನೆಯಲ್ಲಿ ಓದಿ ನೋಡಿರಿ.

3. ಮೈನರ್ ಬಾಧ್ಯಸ್ಥ

ದೇವರ ಮಕ್ಕಳಾದರೆ ಇಷ್ಟೊಂದು ಕಷ್ಟ ಯಾಕೆ ಅಂತ ಕೆಲವರು ಕೇಳುತ್ತಾರೆ. ಪೌಲ ಕೊಡುವ ಒಂದು ಹೋಲಿಕೆ ರೈತ ಮನೆಗಳಿಗೆ ಸುಲಭವಾಗಿ ತಿಳಿಯುತ್ತದೆ. ತಂದೆ ತೀರಿಕೊಂಡಾಗ ಮಗ ಚಿಕ್ಕವನಾಗಿದ್ದರೆ ಅವನ ಹೆಸರಿನ ಜೊತೆಗೆ ಮೈನರ್ ಎಂದು ಬರೆದು, ತಾಯಿಯನ್ನು ಗಾರ್ಡಿಯನ್ ಎಂದು ಸೇರಿಸುತ್ತಾರೆ. ಜಮೀನು ಹುಡುಗನದೇ, ಆದರೆ ಅವನು ಇನ್ನೂ ಹೇಳಿದ ಹಾಗೆ ಕೇಳಿಕೊಂಡು ಇರಬೇಕು. ಪೌಲ ಹಳೆಯ ಧರ್ಮಶಾಸ್ತ್ರದ ಕಾಲವನ್ನು ಕುರಿತು ಈ ಹೋಲಿಕೆ ಕೊಟ್ಟ. ವಿಶ್ವಾಸಿ ಇನ್ನೂ ಬೆಳೆಯುತ್ತಿರುವ ದಿನಗಳಿಗೂ ಇದು ಸಲ್ಲುತ್ತದೆ. ಹಕ್ಕು ಬಂದಾಗಿದೆ, ಪೂರ್ತಿ ಕೈಗೆ ಬರುವ ದಿನ ಮುಂದಿದೆ.

ಅಲ್ಲಿಯವರೆಗೆ ಏನು ಆಧಾರ? ಎಫೆಸದವರಿಗೆ ಬರೆದ ಪತ್ರ (1:13-14) ಪವಿತ್ರಾತ್ಮರನ್ನು ಸಂಚಕಾರಕ್ಕೆ ಹೋಲಿಸುತ್ತದೆ. ಮನೆ, ಜಮೀನಿನ ವ್ಯಾಪಾರದಲ್ಲಿ ಸಂಚಕಾರ ಕೊಟ್ಟರೆ ಮಾತು ಗಟ್ಟಿ. ಕೋಪದ ನಡುವೆ ಬರುವ ಶಾಂತಿ, ವೈರಿಯನ್ನು ಕ್ಷಮಿಸುವ ಮನಸ್ಸು, ಸಾವಿನ ಮನೆಯಲ್ಲೂ ಆರದ ಭರವಸೆ, ಇವೆಲ್ಲ ಆ ಸಂಚಕಾರದ ನಾಣ್ಯಗಳು. ರೋಮನರಿಗೆ ಬರೆದ ಮಾತಿನಲ್ಲಿ ಇನ್ನೊಂದು ಷರತ್ತೂ ಇದೆ, ಅದನ್ನು ಬಿಟ್ಟು ಓದಬಾರದು. ಕ್ರಿಸ್ತರ ಜೊತೆ ಪಾಲುಗಾರರು ಅವರ ಬಾಧೆಯಲ್ಲೂ ಪಾಲುಗಾರರು. ಆಸ್ತಿ ಬೇಕು, ಮನೆಯ ಹೊಣೆ ಬೇಡ ಅನ್ನೋದು ಒಳ್ಳೆ ಮಕ್ಕಳ ಲಕ್ಷಣವಲ್ಲ.

4. ಮುಳುಗಿದ ದೇವಾಲಯ, ಮುಳುಗದ ಆಸ್ತಿ

ಹಾಸನ ಜಿಲ್ಲೆಯ ವಿಶ್ವಾಸಿಗಳಿಗೆ ಈ ಪಾಠವನ್ನು ಕಲಿಸಲು ಹೇಮಾವತಿ ಹೊಳೆಯೇ ಸಾಕು. ಪ್ಯಾರಿಸ್ಸಿನ ಮಿಷನ್ ಸಂಸ್ಥೆಯ ಗುರು ಅಬ್ಬೆ ದುಬೊಯ್ (1765-1848) 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಮೈಸೂರು ಸೀಮೆಗೆ ಬಂದರು. ಯುದ್ಧ, ಸೆರೆ, ಬಡತನಗಳಿಂದ ಚದುರಿಹೋಗಿದ್ದ ಕ್ರೈಸ್ತರನ್ನು ಹುಡುಕಿ ಒಟ್ಟುಗೂಡಿಸಿದರು. ಊರವರ ಹಾಗೇ ಉಡುಪು ತೊಟ್ಟು, ಊರವರ ಊಟ ಉಂಡು ಬದುಕಿದರು. ಸಿಡುಬಿಗೆ ಲಸಿಕೆ ಹಾಕಿಸಿದರು, ಬಡವರು ಬೇಸಾಯ ಮಾಡಿ ನೆಲೆ ನಿಲ್ಲಲಿ ಎಂದು ಹಾಸನದ ಕಡೆ ಹಳ್ಳಿ ಕಟ್ಟಲು ನೆರವಾದರು. 1823ರಲ್ಲಿ ಅವರು ಫ್ರಾನ್ಸಿಗೆ ಹಿಂದಿರುಗಿದರು.

ಅದೇ ಸೀಮೆಯ ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಜಪಸರ ಮಾತೆಯ ಹೆಸರಿನಲ್ಲಿ ದೊಡ್ಡ ದೇವಾಲಯ ಕಟ್ಟಿಸಿದರು. ಎತ್ತರದ ಕಮಾನುಗಳು, ಗೋಥಿಕ್ ಶೈಲಿ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರು ಅಂತ ಹಿರಿಯರು ಹೇಳುವುದುಂಟು. ನೂರಕ್ಕೂ ಹೆಚ್ಚು ವರ್ಷ ಅಲ್ಲಿ ಮದುವೆ, ಜ್ಞಾನಸ್ನಾನ, ಬಲಿಪೂಜೆ ನಡೆದವು. ಆಮೇಲೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು. 1979ರಲ್ಲಿ ಅದು ಪೂರ್ಣಗೊಂಡು ಹಿನ್ನೀರು ಏರಿದಾಗ ಊರವರು ಮನೆ, ಹೊಲ, ತೋಟ ಬಿಟ್ಟು ಬೇರೆ ಕಡೆ ನೆಲೆಸಬೇಕಾಯಿತು. ದೇವಾಲಯ ನೀರಿಗೆ ಬಿತ್ತು. ಮಳೆಗಾಲದಲ್ಲಿ ಗೋಡೆಗಳು ಮುಳುಗುತ್ತವೆ, ಬೇಸಿಗೆಯಲ್ಲಿ ಬರಿಗೋಡೆ ಎದ್ದು ನಿಲ್ಲುತ್ತದೆ. ಫೋಟೋ ತೆಗೆಯಲು ದೂರದಿಂದ ಜನ ಬರುತ್ತಾರೆ, ಕಲ್ಲುಗಾರೆ ವರ್ಷದಿಂದ ವರ್ಷಕ್ಕೆ ಕಳಚುತ್ತಿದೆ.

ಅಜ್ಜ ಮುತ್ತಜ್ಜ ಗೇಯ್ದ ನೆಲ ನೀರಿನ ಕೆಳಗೆ ಹೋದರೆ ಆಗುವ ಸಂಕಟ ಪರಿಹಾರದ ಹಣದಿಂದ ತೀರುವಂಥದ್ದಲ್ಲ. ಅದನ್ನು ಹಗುರ ಮಾಡಿ ಮಾತಾಡಬಾರದು. ಆದರೂ ಗಮನಿಸಿ, ಮುಳುಗಿದ್ದು ಗೋಡೆ, ಮುಳುಗಿದ್ದು ಸರ್ವೇ ನಂಬರು. ಅಲ್ಲಿ ಜ್ಞಾನಸ್ನಾನ ಪಡೆದವರು ದೇವರ ಮಕ್ಕಳಾಗಿಯೇ ಉಳಿದರು. ಎಲ್ಲಿ ಹೋಗಿ ನೆಲೆಸಿದರೋ ಅಲ್ಲಿ ಜಪಸರ ಹೇಳಿದರು, ಮಕ್ಕಳಿಗೆ ಪರಲೋಕ ಮಂತ್ರ ಕಲಿಸಿದರು. ಕೆಡದ, ಕೊಳೆಯದ, ಬಾಡದ ಆಸ್ತಿ ಪರಲೋಕದಲ್ಲಿ ಕಾಯ್ದಿರಿಸಿದೆ ಎಂದು ಸಂತ ಪೇತ್ರನ ಮೊದಲ ಪತ್ರ (1:3-5) ಹೇಳುವುದು ಇಂಥವರಿಗೇ. ಆ ನೀರು ಕಾಲುವೆಗಳಲ್ಲಿ ಹರಿದು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಹೊಲಗಳನ್ನು ಹಸಿರು ಮಾಡುತ್ತಿದೆ. ಅನ್ನ ಉಣ್ಣುವವರು ಆ ನೆಲ ಬಿಟ್ಟುಕೊಟ್ಟವರನ್ನು ಒಮ್ಮೆ ನೆನೆಯುವುದು ನ್ಯಾಯ.

5. ಹಂಚಿದರೆ ಕಡಿಮೆಯಾಗದ ಪಾಲು

ಲೋಕದ ಆಸ್ತಿ ಹಂಚಿದಷ್ಟೂ ಸಣ್ಣದಾಗುತ್ತದೆ. ನಾಲ್ಕು ಎಕರೆ ನಾಲ್ಕು ಜನಕ್ಕೆ ಒಂದೊಂದು, ಮೊಮ್ಮಕ್ಕಳ ಕಾಲಕ್ಕೆ ಕುಂಟೆ ಲೆಕ್ಕ. ಆಗ ಬದುವಿನ ಒಂದು ಅಡಿಗೂ ಜಗಳ ಹುಟ್ಟುತ್ತದೆ. ಪಾಲಿಗಾಗಿ ಅಣ್ಣತಮ್ಮಂದಿರು ಎದುರಾದ ಕಥೆ ನಮ್ಮ ನೆಲಕ್ಕೆ ಹೊಸದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಚಾವುಂಡರಾಯ 981ರಲ್ಲಿ ಮಾಡಿಸಿದನೆನ್ನುವ ಬಾಹುಬಲಿಯ ಮೂರ್ತಿ ಇದೆ. ಅಣ್ಣ ಭರತನ ಮೇಲೆ ಗೆದ್ದ ಮೇಲೂ ರಾಜ್ಯವನ್ನು ಬಿಟ್ಟು ನಡೆದವನ ಮೂರ್ತಿ ಅದು. ಜೈನ ಬಂಧುಗಳು ಪೂಜಿಸುವ ಆ ತ್ಯಾಗ ಎಲ್ಲರಿಗೂ ಬುದ್ಧಿ ಹೇಳುತ್ತದೆ.

ಅಣ್ಣನಿಂದ ಪಾಲು ಕೊಡಿಸಿ ಎಂದು ಒಬ್ಬ ಯೇಸುಸ್ವಾಮಿಯ ಹತ್ತಿರ ಬಂದ (ಲೂಕ 12:13-21). ಸ್ವಾಮಿ ಪಂಚಾಯಿತಿ ಮಾಡಲು ಒಪ್ಪಲಿಲ್ಲ, ದುರಾಸೆಯ ಬಗ್ಗೆ ಎಚ್ಚರ ಹೇಳಿ ಕಣಜ ದೊಡ್ಡದು ಮಾಡಲು ಹೊರಟ ಸಾಹುಕಾರನ ಕಥೆ ಹೇಳಿದರು. ದೇವರ ಮನೆಯ ಪಾಲು ಬೇರೆ ರೀತಿಯದು. ಒಂದು ಮೇಣದ ಬತ್ತಿಯಿಂದ ಇನ್ನೊಂದು ಹಚ್ಚಿದರೆ ಮೊದಲಿನದರ ಬೆಳಕು ಕಡಿಮೆಯಾಗುವುದಿಲ್ಲ. ಹೊಸದಾಗಿ ಒಬ್ಬರು ದೇವರ ಮಕ್ಕಳಾದರೆ ಯಾರ ಪಾಲಿನಲ್ಲೂ ಒಂದು ಕುಂಟೆ ಕಡಿಮೆಯಾಗುವುದಿಲ್ಲ.

6. ಅಕ್ಕ ತಂಗಿಯರ ಹೆಸರು ಬಿಡಬೇಡಿರಿ

ಪರಲೋಕದ ಆಸ್ತಿ ಇದೆ ಎಂದ ಮೇಲೆ ಭೂಮಿಯ ಮೇಲೆ ಹೇಗಾದರೂ ನಡೆದುಕೊಳ್ಳಬಹುದು ಎಂದಲ್ಲ. ಪರೀಕ್ಷೆ ಇರೋದೇ ಇಲ್ಲಿ. ಸಂಖ್ಯಾಕಾಂಡದ (ಅರಣ್ಯಕಾಂಡದ) 27ನೇ ಅಧ್ಯಾಯದಲ್ಲಿ ಚಲ್ಪಹಾದನ ಐದು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು, ಗಂಡುಮಕ್ಕಳಿಲ್ಲ ಎಂಬ ಕಾರಣಕ್ಕೆ ತಂದೆಯ ಹೆಸರು ಅಳಿದುಹೋಗಬೇಕೇ ಎಂದು ಕೇಳಿದರು. ಅವರು ಕೇಳುವುದು ಸರಿ ಎಂದು ದೇವರೇ ತೀರ್ಪು ಕೊಟ್ಟರು.

ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತಂದೆ ತೀರಿಕೊಂಡರೆ ವಿಧವೆ ತಾಯಿಗೆ ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲು ಮಕ್ಕಳಿಗೆ, ಗಂಡು ಹೆಣ್ಣು ಎಂಬ ಭೇದವಿಲ್ಲದೆ ಸಮಸಮ. ಕೇರಳದ ಮೇರಿ ರಾಯ್ ಎಂಬ ಶಿಕ್ಷಕಿ ಸುಪ್ರೀಂ ಕೋರ್ಟಿನ ತನಕ ಹೋಗಿ 1986ರಲ್ಲಿ ಹಳೆಯ ತಿರುವಾಂಕೂರು ಸೀಮೆಯ ಕ್ರೈಸ್ತ ಹೆಣ್ಣುಮಕ್ಕಳಿಗೂ ಈ ಹಕ್ಕು ಕೊಡಿಸಿದರು.

ಆದರೆ ಹಳ್ಳಿಗಳಲ್ಲಿ ನಡೆಯೋದೇನು? ಪೌತಿ ಖಾತೆಗೆ ಅರ್ಜಿ ಹಾಕುವಾಗ ವಂಶವೃಕ್ಷದಲ್ಲಿ ಅಕ್ಕ ತಂಗಿಯರ ಹೆಸರೇ ಇರುವುದಿಲ್ಲ. ಇಲ್ಲವೇ ಮದುವೆಗೆ ಖರ್ಚು ಮಾಡಿದೆವಲ್ಲ ಎಂದು ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ತೌರುಮನೆ ಬಾಗಿಲು ಮುಚ್ಚಬಾರದು ಅಂತ ಅವಳು ಕಣ್ಣೀರು ನುಂಗಿ ಸಹಿ ಹಾಕುತ್ತಾಳೆ. ಮುಂದಿನ ವಾರ ಎಲ್ಲರೂ ಬಂದು ಒಂದೇ ಸಾಲಿನಲ್ಲಿ ಪರಮಪ್ರಸಾದ ಸ್ವೀಕರಿಸುತ್ತಾರೆ! ಪರಲೋಕ ಮಂತ್ರದಲ್ಲಿ ದೇವರನ್ನು ನನ್ನ ತಂದೆ ಎಂದು ಹೇಳುವುದಿಲ್ಲ, ಎಲ್ಲರೂ ಸೇರಿ ನಮ್ಮವರೆಂದು ಕರೆಯುತ್ತಾರೆ. ಆ ಒಂದು ಪದದೊಳಗೆ ಅಕ್ಕನೂ ಇದ್ದಾಳೆ, ತಂಗಿಯೂ ಇದ್ದಾಳೆ. ಅವಳಾಗಿ ಮನಸಾರೆ ಬಿಟ್ಟುಕೊಟ್ಟರೆ ಅದು ಅವಳ ದೊಡ್ಡ ಗುಣ. ಕೇಳದೆ ಹೆಸರು ಬಿಟ್ಟರೆ ಅದು ಕಳ್ಳತನ.

ದೇವರು ತನ್ನ ವಂಶವೃಕ್ಷದಲ್ಲಿ ಯಾರ ಹೆಸರನ್ನೂ ಬಿಡಲಿಲ್ಲ. ಆ ಮನೆಯ ಮಕ್ಕಳು ತಮ್ಮ ಮನೆಯಲ್ಲೂ ಬಿಡಬಾರದು.

ಆಲೋಚನೆಗೆ (ಮನೆಯಲ್ಲಿ ಎಲ್ಲರೂ ಕೂತು ಮಾತಾಡಿಕೊಳ್ಳಿರಿ)

ಅ) ಪ್ರಾರ್ಥಿಸುವಾಗ ನಾವು ಆಳುಗಳ ಹಾಗೆ ಲೆಕ್ಕ ಇಡುತ್ತೇವೆಯೇ, ಮಕ್ಕಳ ಹಾಗೆ ನಂಬುತ್ತೇವೆಯೇ?
ಆ) ನಮ್ಮ ಮನೆಯವರ ಜ್ಞಾನಸ್ನಾನದ ದಿನ ನಮಗೆ ನೆನಪಿದೆಯೇ? ಹುಟ್ಟುಹಬ್ಬದ ಹಾಗೆ ಆ ದಿನವನ್ನೂ ಆಚರಿಸಬಹುದಲ್ಲವೇ?
ಇ) ಪಾಲಿನ ವಿಷಯದಲ್ಲಿ ಮಾತು ಬಿಟ್ಟ ಅಣ್ಣ, ತಮ್ಮ, ಅಕ್ಕ, ತಂಗಿ ಯಾರಾದರೂ ಇದ್ದಾರೆಯೇ? ಬೆಟ್ಟ ಇಳಿದ ಮೇಲೆ ಮೊದಲು ಯಾರ ಮನೆಗೆ ಹೋಗಬೇಕು?

ಪ್ರಾರ್ಥನೆ

ತಂದೆಯಾದ ದೇವರೇ, ಹೆಸರಿಲ್ಲದ ನಮಗೆ ನಿಮ್ಮ ಹೆಸರು ಕೊಟ್ಟಿರಿ. ನೆಲೆ ಕಳೆದುಕೊಂಡವರಿಗೆ ನಿಮ್ಮ ಮನೆಯಲ್ಲಿ ಜಾಗ ಕೊಟ್ಟಿರಿ. ಕೂಲಿ ಕೇಳುವ ಮನಸ್ಸನ್ನು ತೆಗೆದು ಮಕ್ಕಳ ಮನಸ್ಸು ಕೊಡಿರಿ. ಒಡಹುಟ್ಟಿದವರ ಪಾಲಿಗೆ ಕೈ ಹಾಕದಂತೆ ಕಾಪಾಡಿರಿ. ನಿಮ್ಮ ಮಗ ಯೇಸುಕ್ರಿಸ್ತರ ಜೊತೆ ನಮ್ಮೆಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿರಿ. ಆಮೆನ್.