ಪ್ರಾಣಿಗಳ ಕಲಿಕೆ: ನಿರ್ಬಂಧ ಮತ್ತು ಬಹುಮಾನ

ಪ್ರಾಣಿಗಳಿಗೆ ಏನನ್ನಾದರೂ ಕಲಿಸಬೇಕಾದರೆ ತಿಂಡಿಯ ಆಸೆ ತೋರಿಸಬೇಕೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಓಡುವುದು, ಆಡುವುದು, ಮಣ್ಣು ಕೆದಕುವುದು ಮುಂತಾದ ಚಟುವಟಿಕೆಗಳೂ ಬಹುಮಾನವಾಗಬಲ್ಲವು. ಅವು ಯಾವಾಗ ಹಾಗಾಗುತ್ತವೆ ಎಂಬುದು ಪ್ರಯೋಗಗಳಿಂದ ತಿಳಿದುಬಂದಿದೆ.

ಇಲಿಗಳ ಪ್ರಯೋಗ

ಅಮೆರಿಕದ ಮನೋವಿಜ್ಞಾನಿ ಡೇವಿಡ್ ಪ್ರೀಮ್ಯಾಕ್ ಅವರು 1962ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಾಯಾರಿದ ಇಲಿಗಳು ನೀರಿಗಾಗಿ ತಿರುಗುಚಕ್ರದಲ್ಲಿ ಹೆಚ್ಚು ಓಡಿದವು. ನೀರನ್ನು ಧಾರಾಳವಾಗಿ ಒದಗಿಸಿ ಚಕ್ರವನ್ನು ತಡೆಹಿಡಿದಾಗ, ಓಡುವ ಅವಕಾಶಕ್ಕಾಗಿ ಇಲಿಗಳು ಹೆಚ್ಚು ನೀರು ಕುಡಿದವು. ಪ್ರಾಣಿಯು ಹೆಚ್ಚಾಗಿ ಬಯಸುವ ಚಟುವಟಿಕೆಯು ಕಡಿಮೆ ಬಯಸುವ ಚಟುವಟಿಕೆಗೆ ಬಹುಮಾನವಾಗುತ್ತದೆ ಎಂಬುದು ಅವರ ನಿರ್ಣಯವಾಗಿತ್ತು.

1974ರಲ್ಲಿ ವಿಲಿಯಂ ಟಿಂಬರ್ಲೇಕ್ ಮತ್ತು ಜೇಮ್ಸ್ ಆಲಿಸನ್ ಅವರು ಈ ವಿಚಾರವನ್ನು ತಿದ್ದಿದರು. ಅವರ ಪ್ರಕಾರ, ಕಡಿಮೆ ಇಷ್ಟವಾದ ಚಟುವಟಿಕೆಯೂ ಬಹುಮಾನವಾಗಬಲ್ಲದು. ಸ್ವತಂತ್ರವಾಗಿದ್ದಾಗ ಪ್ರಾಣಿಯು ಅದನ್ನು ಮಾಡುತ್ತಿದ್ದ ಪ್ರಮಾಣಕ್ಕಿಂತ ಕಡಿಮೆ ಅವಕಾಶ ದೊರೆಯುವಂತಿದ್ದರೆ ಸಾಕು.

ಉದಾಹರಣೆಗೆ, ಇಲಿಯೊಂದು ತಾನಾಗಿಯೇ ದಿನಕ್ಕೆ 30 ನಿಮಿಷ ಓಡುತ್ತದೆ, 10 ನಿಮಿಷ ಕಟ್ಟಿಗೆ ಕಡಿಯುತ್ತದೆ ಎಂದಿಟ್ಟುಕೊಳ್ಳೋಣ. 10 ನಿಮಿಷ ಓಡಿದರೆ 1 ನಿಮಿಷ ಮಾತ್ರ ಕಡಿಯಲು ಬಿಡುವ ನಿಯಮವಿದ್ದರೆ, ಎಂದಿನಂತೆ 30 ನಿಮಿಷ ಓಡಿದರೂ ಅದಕ್ಕೆ ದೊರೆಯುವುದು 3 ನಿಮಿಷ ಮಾತ್ರ. ಈ ಕೊರತೆಯನ್ನು ತುಂಬಿಕೊಳ್ಳಲು ಅದು ಇನ್ನೂ ಹೆಚ್ಚು ಓಡುತ್ತದೆ. 1 ನಿಮಿಷದ ಬದಲು 5 ನಿಮಿಷ ಬಿಟ್ಟರೆ ಕೊರತೆಯೇ ಇರುವುದಿಲ್ಲ, ಓಟವೂ ಹೆಚ್ಚುವುದಿಲ್ಲ.

ಮನೆಯಲ್ಲಿ ಬಳಕೆ

ಸಾಕುನಾಯಿಗೆ ಶಿಕ್ಷಣ ನೀಡುವವರಿಗೆ ಈ ತತ್ತ್ವವು ಉಪಯುಕ್ತವಾಗಿದೆ. ಹೊರಗೆ ಹೋಗಲು ಕಾತರಿಸುವ ನಾಯಿಯು ಶಾಂತವಾಗಿ ಕುಳಿತ ಕೂಡಲೇ ಬಾಗಿಲು ತೆರೆಯಬೇಕು. ಹಸಿವಿಗೆ ಗುರಿಪಡಿಸದೆ, ಹೊಡೆಯದೆ ಅದು ಕಲಿಯುತ್ತದೆ. ಇಲ್ಲಿ ನಿರ್ಬಂಧವು ಕೆಲವೇ ಕ್ಷಣಗಳದ್ದು.

ದಿನವಿಡೀ ಸರಪಳಿಯಲ್ಲಿರುವ ನಾಯಿಯು ಬಿಟ್ಟೊಡನೆ ಹುಚ್ಚೆದ್ದು ಓಡಿದರೆ ಅದನ್ನು ತುಂಟತನವೆಂದು ಶಿಕ್ಷಿಸುವುದು ಸರಿಯಲ್ಲ. ತಡೆಹಿಡಿಯಲ್ಪಟ್ಟ ಚಲನವಲನದ ಕೊರತೆಯನ್ನು ಅದು ತುಂಬಿಕೊಳ್ಳುತ್ತಿರಬಹುದು. ಸದಾ ಕಟ್ಟಿಹಾಕಿದ ನಾಯಿಗೆ ಯುಕ್ತ ವ್ಯಾಯಾಮ ಒದಗಿಸದೆ ಅದರ ಮಾಲೀಕನು ನಿರ್ಲಕ್ಷಿಸುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 11ನೆಯ ಪ್ರಕರಣದ ಮೇರೆಗೆ ಅಪರಾಧವಾಗುತ್ತದೆ.

ಆದುದರಿಂದ ಆಹಾರ, ನೀರು, ವಿಶ್ರಾಂತಿ ಮತ್ತು ದೈನಂದಿನ ವ್ಯಾಯಾಮಗಳನ್ನು ಯಾವ ಷರತ್ತೂ ಇಲ್ಲದೆ ಒದಗಿಸಬೇಕು. ಹೆಚ್ಚಿನ ಆಟ, ಚೆಂಡಿನ ಎಸೆತ, ಹೊಸ ಹಾದಿಯಲ್ಲಿ ತಿರುಗಾಟ ಇಂತಹವನ್ನು ಮಾತ್ರ ಬಹುಮಾನವಾಗಿ ಉಳಿಸಿಕೊಳ್ಳುವುದು ಯೋಗ್ಯ.